ನೆಲವಿಲ್ಲದ ಸರ್ಕಾರದ ತಲೆ ಎಣಿಕೆ

1941ರ ಸೆಪ್ಟೆಂಬರ್ 14. ರಷ್ಯಾದಲ್ಲಿ ವೋಲ್ಗಾ ನದಿಯ ಆಚೆ ತೋತ್ಸ್ಕೊಯೆ ಎಂಬ ಜಾಗ. ಪೋಲೆಂಡಿನ ಜನರಲ್ ವ್ಲಾದಿಸ್ಲಾವ್ ಆಂಡರ್ಸ್ ತಮ್ಮ ಸೈನ್ಯವನ್ನು ಮೊದಲ ಸಲ ನೋಡಲು ಬಂದಿದ್ದರು. ಮೈದಾನದಲ್ಲಿ ಸಾಲುಗಟ್ಟಿ ನಿಂತವರು 17 ಸಾವಿರ ಮಂದಿ. ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ, ಮೈಮೇಲೆ ಅಂಗಿಯಿಲ್ಲ. ಎರಡು ವರ್ಷ ಹಿಂದಿನ ಪೋಲೆಂಡ್ ಸಮವಸ್ತ್ರದ ಚಿಂದಿಯನ್ನು ಕೆಲವರು ಹಾಗೇ ಉಳಿಸಿಕೊಂಡಿದ್ದರು. ಹಸಿವಿನಿಂದ ಮುಖ ಬಾತವರು, ಮೈತುಂಬ ಹುಣ್ಣಾದವರು, ಸೋವಿಯತ್ ಸೆರೆವ್ಯವಸ್ಥೆಯಾದ ಗುಲಾಗ್‌ನ ಮರ ಕಡಿಯುವ ಶಿಬಿರಗಳಿಂದ ವಾರಗಟ್ಟಲೆ ರೈಲಿನಲ್ಲಿ ಬಂದವರು. ಅವರನ್ನು ಪರಿವೀಕ್ಷಣೆ ಮಾಡಲು ಬಂದ ಆಂಡರ್ಸ್ ಕೂಡ ಆರು ವಾರದ ಹಿಂದಿನವರೆಗೆ ಮಾಸ್ಕೋದ ಲುಬ್ಯಾಂಕಾ ಸೆರೆಮನೆಯ ಕೈದಿಯೇ.

ನಮ್ಮ ಬೆಳಗಾವಿಯಲ್ಲೋ ಮಡಿಕೇರಿಯಲ್ಲೋ ಸೇನಾ ಭರ್ತಿ ರ‍್ಯಾಲಿ ನಡೆದಾಗ ಬೆಳಗಿನ ಜಾವದಿಂದಲೇ ಹುಡುಗರು ಸಾಲು ಹಿಡಿಯುತ್ತಾರೆ. ಎತ್ತರ ಅಳೆಯುತ್ತಾರೆ, ಎದೆಯಳತೆ ನೋಡುತ್ತಾರೆ, 1.6 ಕಿಲೋಮೀಟರ್ ಓಡಿಸುತ್ತಾರೆ. ಕಣ್ಣು, ಕಿವಿ, ಹಲ್ಲು ಎಲ್ಲದಕ್ಕೂ ಪರೀಕ್ಷೆ. ನೂರು ಜನ ಬಂದರೆ ನಾಲ್ಕಾರು ಮಂದಿ ದಾಟಬಹುದು. ತೋತ್ಸ್ಕೊಯೆಯಲ್ಲಿ ಆ ಪರೀಕ್ಷೆ ಇಟ್ಟಿದ್ದರೆ ಅಲ್ಲಿ ಸೈನ್ಯವೇ ಹುಟ್ಟುತ್ತಿರಲಿಲ್ಲ. ಆದರೂ ಲಂಡನ್ನಿನಲ್ಲಿ ಬಾಡಿಗೆ ಕಟ್ಟಡದಲ್ಲಿ ಕೂತಿದ್ದ ಪೋಲೆಂಡ್ ಸರ್ಕಾರಕ್ಕೆ ಭೂಮಿಯ ಮೇಲೆ ಉಳಿದಿದ್ದ ಅತಿ ದೊಡ್ಡ ಆಸ್ತಿ ಈ 17 ಸಾವಿರ ಮತ್ತು ಅವರ ಹಿಂದೆ ದಾರಿಯಲ್ಲಿದ್ದವರು.

ದೇಶ ಕಳೆದುಕೊಂಡ ಸರ್ಕಾರಕ್ಕೆ ತೆರಿಗೆ ಬರುವುದಿಲ್ಲ. ಅದರ ಕಾನೂನಿಗೆ ಪೊಲೀಸರಿಲ್ಲ, ಗಡಿಗೆ ಕಾವಲಿಲ್ಲ. ಮಿತ್ರರ ಸಭೆಯಲ್ಲಿ ಅದಕ್ಕೆ ಕುರ್ಚಿ ಕೊಡಬೇಕಾದರೆ ಕೈಯಲ್ಲೊಂದು ದಂಡು ಇರಬೇಕು. ಆದ್ದರಿಂದ ಅಂಥ ಸರ್ಕಾರದ ಮೊದಲ ಕೆಲಸವೇ ತಲೆ ಎಣಿಸುವುದು: ನಮ್ಮವರು ಎಲ್ಲೆಲ್ಲಿ ಇದ್ದಾರೆ, ಎಷ್ಟಿದ್ದಾರೆ, ಕರೆದರೆ ಎಷ್ಟು ಜನ ಬಂದಾರು? ಎರಡನೇ ಮಹಾಯುದ್ಧದಲ್ಲಿ ನಾರ್ವೆ, ಹಾಲೆಂಡ್, ಬೆಲ್ಜಿಯಂ, ಚೆಕೊಸ್ಲೊವಾಕಿಯ, ಗ್ರೀಸ್, ಯುಗೊಸ್ಲಾವಿಯ ಎಲ್ಲವೂ ಈ ಲೆಕ್ಕ ಹಾಕಿದವು. ಪೋಲೆಂಡಿನಷ್ಟು ದೊಡ್ಡದಾಗಿ ಹಾಕಿದವರಿಲ್ಲ. ಅವರಷ್ಟು ಲೆಕ್ಕ ತಪ್ಪಿದವರೂ ಇಲ್ಲ, ತಪ್ಪಿದ ಲೆಕ್ಕದಿಂದಲೇ ಅಷ್ಟು ದೊಡ್ಡ ಸೈನ್ಯ ಕಟ್ಟಿದವರೂ ಇಲ್ಲ.

1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ನುಗ್ಗಿತು, 17ರಂದು ಪೂರ್ವದಿಂದ ಸೋವಿಯತ್ ಒಕ್ಕೂಟ. ರುಮೇನಿಯಾಕ್ಕೆ ದಾಟಿದ ಸರ್ಕಾರವನ್ನು ಅಲ್ಲಿನವರು ನಿರ್ಬಂಧದಲ್ಲಿಟ್ಟರು. ಅಧ್ಯಕ್ಷ ಇಗ್ನಾಸಿ ಮೊಶ್ಚಿತ್ಸ್ಕಿ ರಾಜೀನಾಮೆ ಕೊಟ್ಟು, ಸಂವಿಧಾನ ಕೊಟ್ಟಿದ್ದ ಅಧಿಕಾರದಂತೆ ತಮ್ಮ ಉತ್ತರಾಧಿಕಾರಿಯನ್ನು ಹೆಸರಿಸಿದರು. ಸೆಪ್ಟೆಂಬರ್ 30ರಂದು ಪ್ಯಾರಿಸಿನಲ್ಲಿ ಜನರಲ್ ವ್ಲಾದಿಸ್ಲಾವ್ ಸಿಕೋರ್ಸ್ಕಿ ಪ್ರಧಾನಿಯಾದರು. ಸ್ವಲ್ಪ ದಿನದಲ್ಲೇ ಮಹಾದಂಡನಾಯಕರೂ ಅವರೇ.

ಅವರ ಮೊದಲ ಲೆಕ್ಕ ಸುಲಭದ್ದು. ಫ್ರಾನ್ಸಿನಲ್ಲಿ ಸುಮಾರು ಐದು ಲಕ್ಷ ಪೋಲಿಷರಿದ್ದರು, ಬಹುಪಾಲು ಉತ್ತರದ ಕಲ್ಲಿದ್ದಲು ಗಣಿಗಳಲ್ಲಿ ದುಡಿಯಲು ಬಂದವರು. ಅವರಲ್ಲಿ ವಯಸ್ಸಿಗೆ ಬಂದವರನ್ನು ಕರೆಯುವುದು. ಇನ್ನೊಂದು ಕಡೆ ರುಮೇನಿಯ, ಹಂಗೇರಿಗಳ ಶಿಬಿರಗಳಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಹೊರಗೆ ತರುವುದು. ಈ ಎರಡನೆಯದು ರೋಚಕ ಕಥೆ. ಸೈನಿಕರು ಶಿಬಿರದಿಂದ ತಪ್ಪಿಸಿಕೊಂಡು, ಮಫ್ತಿ ಹಾಕಿ, ರಾಯಭಾರ ಕಚೇರಿ ಕೊಟ್ಟ ಕಾಗದ ಹಿಡಿದು, ಯುಗೊಸ್ಲಾವಿಯ ಇಟಲಿಗಳ ಮೇಲೆ ಹಾದು ಫ್ರಾನ್ಸ್ ಸೇರಿದರು. ಕಾರ್ಪೇಥಿಯನ್ ಬೆಟ್ಟ ದಾಟಿ ಬಂದ ಈ ಯುವಕರಿಗೆ ‘ಸಿಕೋರ್ಸ್ಕಿಯ ಪ್ರವಾಸಿಗರು’ ಎಂಬ ಅಡ್ಡಹೆಸರೇ ಬಿತ್ತು. 1940ರ ಬೇಸಿಗೆಯ ಹೊತ್ತಿಗೆ 80 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ಜೂನ್‌ನಲ್ಲಿ ಫ್ರಾನ್ಸೇ ಬಿತ್ತು. ಒಂದು ಇಡೀ ಡಿವಿಷನ್ ಗಡಿ ದಾಟಿ ಸ್ವಿಟ್ಜರ್ಲೆಂಡಿನ ನಿರ್ಬಂಧದಲ್ಲಿ ಕೂತಿತು. ಗಣಿ ಕಾರ್ಮಿಕರು ಮನೆಗೆ ಮರಳಿದರು. ಕಾಲು ಭಾಗದಷ್ಟು ಮಂದಿ ಮಾತ್ರ ಬ್ರಿಟನ್ ತಲುಪಿದರು.

ಬ್ರಿಟನ್ ತಲುಪಿದವರಲ್ಲಿ ಅಧಿಕಾರಿಗಳೇ ವಿಪರೀತ. ನಡೆಸುವವರಿದ್ದಾರೆ, ನಡೆಯುವವರಿಲ್ಲ. ಸ್ಕಾಟ್ಲೆಂಡಿನಲ್ಲಿ ಅಧಿಕಾರಿಗಳನ್ನೇ ಸಾಮಾನ್ಯ ಸಿಪಾಯಿಗಳಂತೆ ಕಾವಲಿಗೆ ಹಾಕಿದ ತುಕಡಿಗಳು ಹುಟ್ಟಿದವು. ಬ್ರಿಟನ್ನಿನ ಕರಾವಳಿ ಕಾಯುವ ಶಸ್ತ್ರಸಜ್ಜಿತ ರೈಲುಗಳಲ್ಲಿ ಬಂದೂಕು ಹಿಡಿದು ಕೂತವರೂ ಇವರೇ. ಸೈನ್ಯದ ಅಸ್ಥಿಪಂಜರ ಸಿದ್ಧವಿದೆ, ಮಾಂಸ ತುಂಬುವ ಸಿಪಾಯಿಗಳು ಸಾಗರದಾಚೆಯಿಂದ ಬರುತ್ತಾರೆ ಎಂದು ಸಿಕೋರ್ಸ್ಕಿ ನಂಬಿದ್ದರು. ಸಾಗರದಾಚೆ ಎಂದರೆ ಅಮೆರಿಕ, ಕೆನಡಾ. ಲಕ್ಷಗಟ್ಟಲೆ ಪೋಲಿಷ್ ಮೂಲದವರು ಅಲ್ಲಿದ್ದರು. ನಂಬಿಕೆಗೆ ಕಾರಣವೂ ಇತ್ತು. ಮೊದಲ ಮಹಾಯುದ್ಧದ ಕೊನೆಯಲ್ಲಿ ಜನರಲ್ ಹಾಲರ್ ಅವರ ನೀಲಿ ಸೈನ್ಯಕ್ಕೆ ಅಮೆರಿಕದಿಂದ 20 ಸಾವಿರಕ್ಕೂ ಹೆಚ್ಚು ಪೋಲಿಷರು ಸ್ವಂತ ಇಚ್ಛೆಯಿಂದ ಬಂದಿದ್ದರು. ಕೆನಡಾದ ನಯಾಗರದ ಬಳಿ ಅವರಿಗೆ ತರಬೇತಿ ನಡೆದಿತ್ತು.

1941ರಲ್ಲಿ ಅದೇ ಕೆನಡಾದಲ್ಲಿ ಮತ್ತೆ ಶಿಬಿರ ತೆರೆದರು, ಒಂಟಾರಿಯೊದ ವಿಂಡ್ಸರ್‌ನಲ್ಲಿ. ಅಮೆರಿಕದ ಡೆಟ್ರಾಯ್ಟ್ ನದಿಯಾಚೆಗೇ ಇತ್ತು, ಪೋಲಿಷರು ತುಂಬಿದ್ದ ಊರು. ಸಿಕೋರ್ಸ್ಕಿ ತಾವೇ ಹೋಗಿ ಬಂದರು. ಸಾವಿರ ಜನವೂ ಸಿಗಲಿಲ್ಲ. ಯುದ್ಧದ ಕೊನೆಯವರೆಗೆ ಕೆನಡಾ, ಅರ್ಜೆಂಟೀನಾ, ಬ್ರೆಜಿಲ್‌ಗಳಂಥ ದೂರದ ವಲಸಿಗ ಸಮುದಾಯಗಳಿಂದ ಒಟ್ಟು ಬಂದದ್ದು ಸುಮಾರು 2,290 ಮಂದಿ. ಇಡೀ ಸೈನ್ಯದ ನೂರಕ್ಕೆ ಒಂದಂಶವೂ ಅಲ್ಲ.

ಯಾಕೆ ಹೀಗಾಯಿತು ಎಂದು ಯೋಚಿಸುವಾಗ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. 1917ರಲ್ಲಿ ಹೊರಟವರು ಹಡಗಿಳಿದು ಹೆಚ್ಚು ಕಾಲವಾಗದವರು, ಅವರ ಹಳ್ಳಿ ಅವರ ಕಣ್ಣಲ್ಲಿತ್ತು. 1941ರಲ್ಲಿದ್ದವರು ಅವರ ಮಕ್ಕಳು. ಭಾನುವಾರ ಪೋಲಿಷ್ ಚರ್ಚಿಗೆ ಹೋಗುತ್ತಿದ್ದರು, ಅಜ್ಜಿಯ ಕೈಯಡುಗೆ ತಿನ್ನುತ್ತಿದ್ದರು, ಚಂದಾ ಕೊಡುತ್ತಿದ್ದರು. ಪ್ರಾಣ ಕೊಡಬೇಕಾಗಿ ಬಂದಾಗ ಹೋದದ್ದು ಅಮೆರಿಕದ ಸೈನ್ಯಕ್ಕೆ, ಯಾಕೆಂದರೆ ಅವರ ದೇಶ ಅದು. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿರುವ ಕನ್ನಡದ ಅಜ್ಜ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯೋತ್ಸವಕ್ಕೆ ಬಂದು ಹಾಡುವ ಮಗು ಸುಳ್ಳು ಹಾಡುತ್ತಿಲ್ಲ. ಆದರೆ ಆ ಹಾಡನ್ನು ಭರ್ತಿಯ ಲೆಕ್ಕಕ್ಕೆ ಹಿಡಿದರೆ ತಪ್ಪು ಹಿಡಿದವರದು.

ಹಾಗಾದರೆ ಸಿಪಾಯಿಗಳು ಎಲ್ಲಿದ್ದರು? ಸೆರೆಯಲ್ಲಿದ್ದರು.

ಸೋವಿಯತ್ ಆಡಳಿತ 1940ರ ಫೆಬ್ರುವರಿಯಿಂದ 1941ರ ಜೂನ್‌ವರೆಗೆ ನಾಲ್ಕು ಅಲೆಗಳಲ್ಲಿ ಪೂರ್ವ ಪೋಲೆಂಡಿನ ಕುಟುಂಬಗಳನ್ನು ದನದ ಬೋಗಿಗಳಲ್ಲಿ ತುಂಬಿ ಸೈಬೀರಿಯ, ಕಝಾಕ್‌ಸ್ತಾನಗಳಿಗೆ ಸಾಗಿಸಿತ್ತು. ಲಂಡನ್ ಸರ್ಕಾರದ ಅಂದಾಜು ಹತ್ತು-ಹದಿನೈದು ಲಕ್ಷದವರೆಗೆ ಹೋಗಿತ್ತು. ಸೋವಿಯತ್ ರಹಸ್ಯ ಪೊಲೀಸರ ಕಡತಗಳು ದಶಕಗಳ ನಂತರ ತೆರೆದಾಗ ಈ ನಾಲ್ಕು ಗಡೀಪಾರುಗಳ ಮೊತ್ತ ಸುಮಾರು 3.2 ಲಕ್ಷ ಎಂದು ಕಂಡಿತು. ಯುದ್ಧಕೈದಿಗಳು, ಸೆರೆಮನೆಯವರು ಬೇರೆ. ದೂರದಲ್ಲಿ ಕೂತು ಕಳೆದುಹೋದವರನ್ನು ಎಣಿಸುವ ಸರ್ಕಾರದ ಅಂಕಿಗಳಲ್ಲಿ ಆತಂಕವೂ ಆಸೆಯೂ ಸೇರಿಕೊಳ್ಳುತ್ತವೆ.

1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ನಿನ್ನೆಯ ಶತ್ರು ಮಿತ್ರನಾಗಬೇಕಾಯಿತು. ಜುಲೈ 30ರಂದು ಲಂಡನ್ನಿನಲ್ಲಿ ಸಿಕೋರ್ಸ್ಕಿ ಮತ್ತು ಸೋವಿಯತ್ ರಾಯಭಾರಿ ಮೈಸ್ಕಿ ಒಪ್ಪಂದಕ್ಕೆ ಸಹಿ ಹಾಕಿದರು. ಪೋಲಿಷರಿಗೆ ‘ಕ್ಷಮಾದಾನ’ ಸಿಕ್ಕಿತು. ಮಾಡದ ತಪ್ಪಿಗೆ ಕ್ಷಮೆ. ಆ ಪದ ಅವರಿಗೆ ಇವತ್ತಿಗೂ ನೋವು ಕೊಡುತ್ತದೆ. ಸುದ್ದಿ ಶಿಬಿರದಿಂದ ಶಿಬಿರಕ್ಕೆ ಹಬ್ಬಿ, ಬುಝುಲುಕ್ ಎಂಬ ಊರಲ್ಲಿ ಪೋಲಿಷ್ ಸೈನ್ಯ ಕಟ್ಟುತ್ತಿದ್ದಾರಂತೆ ಎಂಬ ಒಂದೇ ಮಾತು ಹಿಡಿದು ಜನ ಹೊರಟರು. ಗಂಡಸರ ಹಿಂದೆ ಹೆಂಗಸರು, ಮಕ್ಕಳು. ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿದ ದಿನಗಳಲ್ಲಿ ಅವರು ಡೇರೆಗಳಲ್ಲಿದ್ದರು.

ಭರ್ತಿ ಮೇಜಿನ ಮುಂದೆ ಸಾಲು ಬೆಳೆಯುತ್ತಿದ್ದಂತೆ ಸೇನಾ ಕಚೇರಿಗೆ ಒಂದು ವಿಚಿತ್ರ ಕೊರತೆ ಕಂಡಿತು. ಸ್ಕಾಟ್ಲೆಂಡಿನಲ್ಲಿ ಅಧಿಕಾರಿಗಳು ಹೆಚ್ಚು, ಇಲ್ಲಿ ಅಧಿಕಾರಿಗಳೇ ಇಲ್ಲ. ರೆಜಿಮೆಂಟ್ ಕಟ್ಟಲು ಸಿಪಾಯಿಗಳಿದ್ದಾರೆ, ಬೆಟಾಲಿಯನ್ ನಡೆಸುವವರಿಲ್ಲ. ಸೋವಿಯತ್ ಕೈಗೆ ಸಾವಿರಾರು ಅಧಿಕಾರಿಗಳು ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಕೋಝೆಲ್ಸ್ಕ್, ಸ್ತಾರೊಬೆಲ್ಸ್ಕ್, ಒಸ್ತಾಷ್ಕೊವ್ ಶಿಬಿರಗಳಿಂದ ಅವರು ಮನೆಗೆ ಪತ್ರ ಬರೆದಿದ್ದರು. 1940ರ ವಸಂತದ ನಂತರ ಪತ್ರ ನಿಂತಿದ್ದವು. ಈಗ ಬಾಗಿಲು ತೆರೆದರೂ ಕೆಲವರನ್ನು ಬಿಟ್ಟರೆ ಅವರಲ್ಲಿ ಯಾರೂ ಬರುತ್ತಿಲ್ಲ.

ಆಂಡರ್ಸ್ ಈ ಹುಡುಕಾಟಕ್ಕೆ ಹಾಕಿದ್ದು ಯುಝೆಫ್ ಚಾಪ್ಸ್ಕಿ ಎಂಬ ಚಿತ್ರಕಾರರನ್ನು. ಅವರೇ ಸ್ತಾರೊಬೆಲ್ಸ್ಕ್‌ನಿಂದ ಬದುಕಿ ಬಂದ ಕೆಲವರಲ್ಲಿ ಒಬ್ಬರು. ಬಂದವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದರು: ಪಕ್ಕದ ಹಲಗೆಯಲ್ಲಿ ಯಾರು ಮಲಗುತ್ತಿದ್ದರು, ಯಾವ ಊರಿನವರು, ಕೊನೆಗೆ ನೋಡಿದ್ದು ಯಾವಾಗ. ನೆನಪಿನಿಂದ ಹೆಕ್ಕಿದ ಹೆಸರುಗಳ ಪಟ್ಟಿ ಉದ್ದವಾಗುತ್ತ ಹೋಯಿತು. ಡಿಸೆಂಬರ್ 3ರಂದು ಕ್ರೆಮ್ಲಿನ್‌ನಲ್ಲಿ ಸಿಕೋರ್ಸ್ಕಿ ಸುಮಾರು 4,000 ಹೆಸರುಗಳ ಪಟ್ಟಿಯೊಂದಿಗೆ ಸ್ಟಾಲಿನ್‌ನನ್ನು ನೇರವಾಗಿ ಕೇಳಿದರು. ತಪ್ಪಿಸಿಕೊಂಡು ಹೋಗಿರಬೇಕು ಎಂದ ಸ್ಟಾಲಿನ್. ಎಲ್ಲಿಗೆ? ಮಂಚೂರಿಯಕ್ಕೆ ಇರಬಹುದು.

ಅವರನ್ನು ಗುಂಡಿಕ್ಕಿ ಕೊಲ್ಲಲು 1940ರ ಮಾರ್ಚ್ 5ರಂದೇ ಸೋವಿಯತ್ ಪಾಲಿಟ್‌ಬ್ಯೂರೊ ಒಪ್ಪಿಗೆ ಕೊಟ್ಟಿತ್ತು, ಸ್ಟಾಲಿನ್ನನ ಸಹಿಯೂ ಅದರ ಮೇಲಿತ್ತು. ಸತ್ತವರು ಸುಮಾರು 22 ಸಾವಿರ. ಅವರಲ್ಲಿ ವೃತ್ತಿ ಸೈನಿಕರ ಜೊತೆಗೆ ಮೀಸಲು ಪಡೆಗೆ ಕರೆಸಿಕೊಂಡ ವೈದ್ಯರು, ಮೇಷ್ಟ್ರುಗಳು, ವಕೀಲರು, ಎಂಜಿನಿಯರುಗಳು ಇದ್ದರು. 1943ರ ಏಪ್ರಿಲ್‌ನಲ್ಲಿ ಅವರಲ್ಲಿ ಹಲವರನ್ನು ಹೂತಿದ್ದ ಕತೀನ್ ಕಾಡಿನ ಗುಂಡಿಗಳನ್ನು ಜರ್ಮನರು ಜಗತ್ತಿಗೆ ತೋರಿಸಿದರು. ತನಿಖೆ ಕೇಳಿದ್ದಕ್ಕೆ ಮಾಸ್ಕೋ ಪೋಲೆಂಡ್ ಸರ್ಕಾರದ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡಿತು. ಆದರೆ ಗುಂಡಿ ತೆಗೆಯುವುದಕ್ಕೆ ಒಂದೂವರೆ ವರ್ಷ ಮೊದಲೇ ಸೇನಾ ಭರ್ತಿಯ ರಿಜಿಸ್ಟರ್ ಸತ್ಯ ಹೇಳಿತ್ತು. ಎಣಿಕೆ ತಾಳೆಯಾಗಲಿಲ್ಲ. ಅಷ್ಟೇ ಸಾಕ್ಷ್ಯ, ಅಷ್ಟೇ ಸಾಕಾಗಿತ್ತು.

ಆಂಡರ್ಸ್ ಸೈನ್ಯದ ಗಾತ್ರವನ್ನು ನಿರ್ಧರಿಸಿದ್ದು ಎಷ್ಟು ಜನ ಬಂದರು ಎಂಬುದಲ್ಲ, ಎಷ್ಟು ಪಡಿತರ ಸಿಕ್ಕಿತು ಎಂಬುದು. ಸೋವಿಯತ್ ಅಧಿಕಾರಿಗಳು ಮೊದಲು 30 ಸಾವಿರ ಎಂದರು. ಕ್ರೆಮ್ಲಿನ್ ಮಾತುಕತೆಯಲ್ಲಿ 96 ಸಾವಿರಕ್ಕೆ ಒಪ್ಪಿದರು. 1942ರ ಮಾರ್ಚ್‌ನಲ್ಲಿ 44 ಸಾವಿರ ಊಟ ಮಾತ್ರ ಎಂದರು. ಆ ಹೊತ್ತಿಗೆ 70 ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು, ಶಿಬಿರದ ಸುತ್ತ ಅವರ ಹೆಂಡತಿ ಮಕ್ಕಳು, ತಂದೆ ತಾಯಿ ಸತ್ತ ಅನಾಥರು. ಸೈನಿಕರು ತಮ್ಮ ಪಾಲಿನ ರೊಟ್ಟಿ, ಸೂಪು ಅವರಿಗೆ ಹಂಚಿ ತಿನ್ನುತ್ತಿದ್ದರು. ಸೈನ್ಯ ದಕ್ಷಿಣಕ್ಕೆ ಉಜ್ಬೇಕಿಸ್ತಾನದ ಕಡೆ ಸರಿದಾಗ ಟೈಫಸ್ ಬಡಿಯಿತು. ಸಾವಿರಾರು ಜನ ಅಲ್ಲೇ ಮಣ್ಣಾದರು.

ಯಾರನ್ನು ಪೋಲಿಷ್ ಎಂದು ಎಣಿಸಬೇಕು ಎಂಬ ಪ್ರಶ್ನೆಯೂ ಎದ್ದಿತು. ಯುದ್ಧಕ್ಕೆ ಮೊದಲು ಪೋಲೆಂಡಿನ ಪ್ರಜೆಗಳಾಗಿದ್ದ ಉಕ್ರೇನಿಯನ್, ಬೆಲರೂಸಿಯನ್, ಯಹೂದಿಗಳು ಈಗ ತನ್ನ ಪ್ರಜೆಗಳು ಎಂದು ಸೋವಿಯತ್ ಸರ್ಕಾರ 1941ರ ಡಿಸೆಂಬರ್‌ನಲ್ಲಿ ಹೇಳಿತು. ಅದು ಒಂದು ಅಡ್ಡಿ. ಇನ್ನೊಂದು ಅಡ್ಡಿ ಸೈನ್ಯದೊಳಗೇ ಇತ್ತು, ಇದನ್ನು ಮುಚ್ಚಿಡಬಾರದು: ಭರ್ತಿ ಮೇಜಿನಲ್ಲಿ ಕೂತ ಕೆಲವು ಪೋಲಿಷ್ ಅಧಿಕಾರಿಗಳಿಗೆ ಯಹೂದಿಗಳು ಬೇಡವಾಗಿದ್ದರು. ಆದರೂ ಸಾವಿರಾರು ಯಹೂದಿಗಳು ಒಳಬಂದರು. ಮುಂದೆ ಇಸ್ರೇಲಿನ ಪ್ರಧಾನಿಯಾದ ಮೆನಾಖೆಮ್ ಬೆಗಿನ್ ಅವರಲ್ಲಿ ಒಬ್ಬ. ಸೈನ್ಯ ಪ್ಯಾಲೆಸ್ಟೈನ್ ತಲುಪಿದಾಗ ಸುಮಾರು 3,000 ಯಹೂದಿ ಸೈನಿಕರು ಅಲ್ಲಿಯೇ ಉಳಿದುಬಿಟ್ಟರು. ಅವರನ್ನು ಹಿಂಬಾಲಿಸಿ ಹಿಡಿಯದಿರಲು ಆಂಡರ್ಸ್ ನಿರ್ಧರಿಸಿದರು. ಆ ನಿರ್ಧಾರದಲ್ಲಿ ವಿವೇಕವಿತ್ತು.

1942ರ ಮಾರ್ಚ್-ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ, ಕಾಸ್ಪಿಯನ್ ಸಮುದ್ರದ ಕ್ರಾಸ್ನೊವೊದ್ಸ್ಕ್ ಬಂದರಿನಿಂದ ಇರಾನಿನ ಪಹ್ಲವಿಗೆ ಹಡಗುಗಳು ಹೊರಟವು. ನಿಲ್ಲಲೂ ಜಾಗವಿಲ್ಲದಂತೆ ತುಂಬಿದ ಎಣ್ಣೆ ಹಡಗುಗಳು. ಪಹ್ಲವಿಯ ಮರಳಿನಲ್ಲಿ ತಂತಿ ಎಳೆದು ಎರಡು ಭಾಗ ಮಾಡಿದ್ದರು. ಒಂದು ಕಡೆ ಇಳಿದವರು, ಇನ್ನೊಂದು ಕಡೆ ಶುಚಿಯಾದವರು. ಇಳಿದವರ ಬಟ್ಟೆ ಬಿಚ್ಚಿಸಿ ಸುಟ್ಟು, ತಲೆ ಬೋಳಿಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ಕೊಟ್ಟು ಆಚೆ ಕಳಿಸುತ್ತಿದ್ದರು. ಎರಡು ವರ್ಷ ಹಸಿದ ಹೊಟ್ಟೆಗೆ ಕೊಬ್ಬು ತೇಲುವ ಕುರಿಮಾಂಸದ ಸಾರು ಬಿದ್ದು, ಸ್ವಾತಂತ್ರ್ಯ ಸಿಕ್ಕ ವಾರದಲ್ಲೇ ಸತ್ತವರಿದ್ದಾರೆ. ಹೀಗೆ ಹೊರಬಂದವರು ಒಟ್ಟು ಸುಮಾರು 1.15 ಲಕ್ಷ. ಅವರಲ್ಲಿ ಸುಮಾರು 37 ಸಾವಿರ ಮಂದಿ ಸೈನಿಕರಲ್ಲ, ಹೆಂಗಸರು ಮಕ್ಕಳು. ಸೈನ್ಯವನ್ನಷ್ಟೇ ಲೆಕ್ಕ ಹಾಕಿದ್ದರೆ ಅವರು ಹೊರೆ. ಆಂಡರ್ಸ್ ಹಡಗಿನಲ್ಲಿ ಅವರಿಗೂ ಜಾಗ ಮಾಡಿದರು. ಅವರ ಸೇನಾಪತಿತ್ವದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಯಾವ ಯುದ್ಧವೂ ಅಲ್ಲ, ಇದು.

ಆ ಹೆಂಗಸರು ಮಕ್ಕಳಲ್ಲಿ ಕೆಲವರು ನಮ್ಮ ಹತ್ತಿರಕ್ಕೇ ಬಂದರು. ಜಾಮ್‌ನಗರದ ಮಹಾರಾಜ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಸರೆ ಕೊಟ್ಟರು. ಇನ್ನೂ ದೊಡ್ಡ ವಸತಿ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ, 1943ರಿಂದ 48ರವರೆಗೆ. ಬೆಳಗಾವಿಯಿಂದ ಎರಡು ಗಂಟೆಯ ದಾರಿ. ಸುಮಾರು 5,000 ಪೋಲಿಷರು ಅಲ್ಲಿ ಶಾಲೆ, ಚರ್ಚು, ಸ್ಕೌಟ್ ಪಡೆ ಕಟ್ಟಿಕೊಂಡು ಬದುಕಿದರು. ಅಪ್ಪನೋ ಅಣ್ಣನೋ ಆಂಡರ್ಸ್ ಸೈನ್ಯದಲ್ಲಿ, ಇವರು ಪಂಚಗಂಗಾ ಬಯಲಿನ ಮಂಗಳೂರು ಹೆಂಚಿನ ಸಾಲುಮನೆಗಳಲ್ಲಿ ಇಟಲಿಯ ಪತ್ರಕ್ಕೆ ಕಾಯುತ್ತ.

ಇಟಲಿಯಲ್ಲಿ ಆ ಸೈನ್ಯ ಸುಮಾರು 50 ಸಾವಿರದ ಎರಡನೇ ಕೋರ್ ಆಗಿ ನಿಂತಿತು. 1944ರ ಮೇ ತಿಂಗಳಲ್ಲಿ ಮೋಂಟೆ ಕಸೀನೊ ಬೆಟ್ಟ ಹಿಡಿಯುವ ಕೆಲಸ ಅವರಿಗೆ ಬಂತು. ಅದೇ ಇಳಿಜಾರಿನಲ್ಲಿ ಫೆಬ್ರುವರಿ ಮಾರ್ಚ್‌ಗಳಲ್ಲಿ ಭಾರತದ ನಾಲ್ಕನೇ ಡಿವಿಷನ್ನಿನ ರಜಪೂತಾನಾ ರೈಫಲ್ಸ್, ಗೂರ್ಖಾ ಸೈನಿಕರು ರಕ್ತ ಚೆಲ್ಲಿದ್ದರು. ಆಂಡರ್ಸ್ ಎದುರಿದ್ದ ಪ್ರಶ್ನೆ ಬೆಟ್ಟದ್ದಷ್ಟೇ ಅಲ್ಲ. ಬ್ರಿಟಿಷರು ಸತ್ತರೆ ಬ್ರಿಟನ್ನಿನಿಂದ ಬದಲಿ ಬರುತ್ತಾರೆ. ಪೋಲಿಷರು ಸತ್ತರೆ ಎಲ್ಲಿಂದ? ಅವರ ಹಿಂದೆ ದೇಶವಿಲ್ಲ, ಬರುವ ವರ್ಷ ಹದಿನೆಂಟು ತುಂಬುವ ಹುಡುಗರಿಲ್ಲ. ಆಂಡರ್ಸ್ ಕಂಡುಕೊಂಡ ಉತ್ತರ ಯಾರಿಗೂ ಹೊಳೆಯದಂಥದ್ದು: ಎದುರಿನ ಸಾಲಿನಿಂದ, ಶತ್ರುವಿನ ಸೈನ್ಯದಿಂದ.

ಜರ್ಮನಿ ತಾನು ನುಂಗಿದ ಸೈಲೀಸಿಯ, ಪೊಮೆರೇನಿಯ ಪ್ರಾಂತ್ಯಗಳ ಪೋಲಿಷರನ್ನು ‘ಜರ್ಮನ್ ಜನಪಟ್ಟಿ’ಗೆ ಬಲವಂತವಾಗಿ ಸೇರಿಸಿ, ಯುವಕರಿಗೆ ಜರ್ಮನ್ ಸಮವಸ್ತ್ರ ತೊಡಿಸಿತ್ತು. ಟ್ಯುನಿಸಿಯದಲ್ಲಿ, ಇಟಲಿಯಲ್ಲಿ, ನಾರ್ಮಂಡಿಯಲ್ಲಿ ಸೆರೆಸಿಕ್ಕ ಕೈದಿಗಳ ಶಿಬಿರಗಳಿಗೆ ಪೋಲಿಷ್ ಅಧಿಕಾರಿಗಳು ಹೋಗಿ, ಬೇಲಿಯ ಈಚೆಯಿಂದ ಪೋಲಿಷ್‌ನಲ್ಲಿ ಮಾತಾಡಿಸುತ್ತಿದ್ದರು. ಒಪ್ಪಿದವರನ್ನು ವಿಚಾರಿಸಿ, ಹಳೆಯ ಸಮವಸ್ತ್ರ ಕಳಚಿಸಿ, ಹೊಸದು ಕೊಟ್ಟು ಕೆಲವೇ ವಾರಗಳಲ್ಲಿ ಅದೇ ಜರ್ಮನರ ಎದುರು ನಿಲ್ಲಿಸಿದರು. ಬಹಳಷ್ಟು ಮಂದಿ ಬೇರೆ ಹೆಸರು ಬರೆಸಿದರು. ಸಿಕ್ಕಿಬಿದ್ದರೆ ಊರಲ್ಲಿರುವ ತಾಯಿ ತಂಗಿಯರಿಗೆ ಉಳಿವಿಲ್ಲ.

ಹೀಗೆ ಬಂದವರು 89 ಸಾವಿರ. ಸೋವಿಯತ್ ನೆಲದಿಂದ ಬಂದವರು 83 ಸಾವಿರ. ಯುದ್ಧ ಮುಗಿದಾಗ ಪಶ್ಚಿಮದಲ್ಲಿದ್ದ ಪೋಲಿಷ್ ಪಡೆಗಳ ಒಟ್ಟು ಬಲ ಸುಮಾರು 2.5 ಲಕ್ಷ. ಅಂದರೆ ಮೂರರಲ್ಲಿ ಎರಡು ಪಾಲು ಒಂದೋ ಸ್ಟಾಲಿನ್ನನ ಸೆರೆಯಿಂದ, ಇಲ್ಲವೇ ಹಿಟ್ಲರನ ಸಮವಸ್ತ್ರದಿಂದ ಬಂದವರು. 1939ರಲ್ಲಿ ಪ್ಯಾರಿಸಿನಲ್ಲಿ ಕೂತು ಲೆಕ್ಕ ಹಾಕಿದ ಯಾವ ಅಧಿಕಾರಿಯ ಕಾಗದದಲ್ಲೂ ಈ ಎರಡು ಕಲಂ ಇರಲು ಸಾಧ್ಯವಿರಲಿಲ್ಲ. ಕರೆ ಕಳಿಸಿದ ಮನೆಯವರು ಬರಲಿಲ್ಲ, ಎಣಿಕೆಯಲ್ಲೇ ಇಲ್ಲದವರು ಬಂದು ಸಾಲು ತುಂಬಿದರು.

1944ರ ಮೇ 18ರಂದು ಮೋಂಟೆ ಕಸೀನೊದ ಪಾಳುಬಿದ್ದ ಮಠದ ಮೇಲೆ ಪೋಲಿಷ್ ಬಾವುಟ ಏರಿತು. 923 ಮಂದಿ ಸತ್ತಿದ್ದರು, 2,931 ಮಂದಿ ಗಾಯಗೊಂಡಿದ್ದರು. ಮರುವರ್ಷ ಏಪ್ರಿಲ್ 9ರಂದು ಉತ್ತರ ಇಟಲಿಯ ಸೆನಿಯೊ ನದಿಯ ಮೇಲೆ ನಡೆದ ದಾಳಿಯಲ್ಲಿ ಪೋಲಿಷರು ಒಂದು ಕಡೆ, ಭಾರತದ ಎಂಟನೇ ಡಿವಿಷನ್ ಇನ್ನೊಂದು ಕಡೆ. ಅವತ್ತೇ ಅಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಮದೇವ ಜಾಧವ್ ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು. ಬೆಳಗಾವಿಯ ಆ ರೆಜಿಮೆಂಟಿಗೆ ಸೆನಿಯೊ ಇವತ್ತಿಗೂ ದೊಡ್ಡ ಹೆಸರು.

ಆದರೆ ಒಬ್ಬನೇ ಯುವಕನ ಮೇಲೆ ಎರಡು ಸರ್ಕಾರಗಳ ಕಣ್ಣಿತ್ತು. ಆಂಡರ್ಸ್ ಸೈನ್ಯ ಇರಾನಿಗೆ ದಾಟಿದ ಮೇಲೆ ರಷ್ಯಾದಲ್ಲೇ ಉಳಿದ ಪೋಲಿಷರನ್ನು ಸೇರಿಸಿ ಸ್ಟಾಲಿನ್ 1943ರ ಮೇ ತಿಂಗಳಲ್ಲಿ ಜಿಗ್ಮಂಟ್ ಬೆರ್ಲಿಂಗ್ ನೇತೃತ್ವದಲ್ಲಿ ತನ್ನದೇ ಪೋಲಿಷ್ ಡಿವಿಷನ್ ಕಟ್ಟಿಸಿದ. ಹಡಗು ತಪ್ಪಿದವರು, ಆಂಡರ್ಸ್ ಶಿಬಿರಕ್ಕೆ ಹೋಗುವ ರೈಲು ಸಿಗದವರು ಅದಕ್ಕೆ ಸೇರಿದರು. ಸಿದ್ಧಾಂತಕ್ಕಿಂತ ಹೆಚ್ಚಾಗಿ ಮನೆಗೆ ಹೋಗುವ ದಾರಿ ಅವರಿಗೆ ಬೇಕಿತ್ತು. ಆ ಸೈನ್ಯ ಕೆಂಪು ಸೇನೆಯ ಜೊತೆ ನಡೆದು ವಾರ್ಸಾ ತಲುಪಿತು. ಲಂಡನ್ನಿನ ಸೈನ್ಯ ಇಟಲಿಯ ಬೊಲೋನ್ಯ ತಲುಪಿತು. ಯುದ್ಧದ ಕೊನೆಯಲ್ಲಿ ಎಷ್ಟು ಜನ ಎಂಬುದಕ್ಕಿಂತ ಯಾವ ನೆಲದ ಮೇಲೆ ನಿಂತಿದ್ದಾರೆ ಎಂಬುದೇ ಮುಖ್ಯವಾಯಿತು. 1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ಪೋಲೆಂಡಿನ ಪೂರ್ವ ಭಾಗ, ಅಂದರೆ ಆಂಡರ್ಸ್ ಸೈನಿಕರಲ್ಲಿ ಹೆಚ್ಚಿನವರ ಹುಟ್ಟೂರು, ಸೋವಿಯತ್ ಪಾಲಾಯಿತು. ಜುಲೈ 5ರಂದು ಬ್ರಿಟನ್, ಅಮೆರಿಕ ಲಂಡನ್ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆ ಹಿಂತೆಗೆದುಕೊಂಡವು. ಎರಡೂವರೆ ಲಕ್ಷ ಸೈನಿಕರಿದ್ದ ಸರ್ಕಾರ ಒಂದೇ ದಿನದಲ್ಲಿ ಸರ್ಕಾರವಲ್ಲವಾಯಿತು. ಇದು ಮಿತ್ರದ್ರೋಹ. ಬೇರೆ ಹೆಸರು ನನಗೆ ತೋಚುವುದಿಲ್ಲ.

ಆಂಡರ್ಸ್ ಅವರ ಪೌರತ್ವವನ್ನು ವಾರ್ಸಾದ ಕಮ್ಯುನಿಸ್ಟ್ ಸರ್ಕಾರ 1946ರಲ್ಲಿ ಕಿತ್ತುಕೊಂಡಿತು. ಅವರು 1970ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಆಸೆಯಂತೆ ಮೋಂಟೆ ಕಸೀನೊದಲ್ಲಿ ತಮ್ಮ ಸೈನಿಕರ ನಡುವೆ ಅವರನ್ನು ಹೂಳಿದರು. ಮಾನ್ಯತೆಯಿಲ್ಲದ ಲಂಡನ್ ಸರ್ಕಾರ ಮಾತ್ರ ಅಧ್ಯಕ್ಷರ ನಂತರ ಅಧ್ಯಕ್ಷರನ್ನು ನೇಮಿಸುತ್ತ ಉಳಿಯಿತು.

ಅದರ ಕೊನೆಯ ಅಧ್ಯಕ್ಷ ರಿಶಾರ್ಡ್ ಕಚೊರೋವ್ಸ್ಕಿ. ಸೋವಿಯತ್ ನ್ಯಾಯಾಲಯ ಮರಣದಂಡನೆ ಕೊಟ್ಟು ಆಮೇಲೆ ಕೊಲಿಮಾದ ಸೆರೆಶಿಬಿರಕ್ಕೆ ಕಳಿಸಿದ್ದ ಹುಡುಗ, ಕ್ಷಮಾದಾನದ ನಂತರ ಆಂಡರ್ಸ್ ಸೈನ್ಯ ಸೇರಿ ಮೋಂಟೆ ಕಸೀನೊದಲ್ಲಿ ಕಾದಿದವರು. ಅವರು ಲಂಡನ್ನಿನಲ್ಲಿ ಅಧ್ಯಕ್ಷರಾಗಿದ್ದ ಹೊತ್ತಿಗೆ ವಾರ್ಸಾದಲ್ಲಿ ಅಧ್ಯಕ್ಷರಾಗಿದ್ದವರು ವೊಯ್ಚೆಖ್ ಯಾರುಝೆಲ್ಸ್ಕಿ. ಕುಟುಂಬದ ಜೊತೆ ಸೈಬೀರಿಯಕ್ಕೆ ಗಡೀಪಾರಾಗಿ, ಅಲ್ಲಿ ತಂದೆಯನ್ನು ಕಳೆದುಕೊಂಡು, ಬೆರ್ಲಿಂಗ್ ಸೈನ್ಯ ಸೇರಿದ್ದ ಹುಡುಗ. 1990ರ ಡಿಸೆಂಬರ್ 22ರಂದು ವಾರ್ಸಾದ ರಾಜಕೋಟೆಯಲ್ಲಿ ಚುನಾಯಿತ ಅಧ್ಯಕ್ಷ ಲೆಕ್ ವಲೇಸಾ ಅವರ ಕೈಗೆ ದೇಶದ ಅಧಿಕಾರ ಲಾಂಛನಗಳನ್ನು ಕೊಟ್ಟವರು ಕಚೊರೋವ್ಸ್ಕಿ. ಯಾರುಝೆಲ್ಸ್ಕಿಯನ್ನು ಸಮಾರಂಭಕ್ಕೆ ಕರೆದಿರಲಿಲ್ಲ.